ಕುಂಡದಲ್ಲಿ ಆಲೂಗಡ್ಡೆ: ಬಿಸಿಲ ನಾಡಿಗೊಂದು ಸಸ್ಯಪಾಠ

ಆಲೂಗಡ್ಡೆಯಿಲ್ಲದ ಅಡುಗೆಮನೆ ಇಂದು ವಿರಳ. ಪಲ್ಯ, ಸಾಗು, ಬೋಂಡ, ಹುಳಿ ಮುಂತಾದ ಹಲವು ರೂಪಗಳಲ್ಲಿ ನಿತ್ಯವೂ ನಮ್ಮ ತಟ್ಟೆಗೆ ಬರುವ ಈ ಗೆಡ್ಡೆಯು ಗಿಡದ ಯಾವ ಭಾಗದಲ್ಲಿ, ಯಾವ ಋತುವಿನಲ್ಲಿ, ಎಂತಹ ಮಣ್ಣಿನಲ್ಲಿ ಬೆಳೆಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮಕ್ಕಳು ಮಾತ್ರ ಬಳ್ಳಾರಿ ನಗರದಲ್ಲಿ ಬಹಳ ಮಂದಿ ಇರಲಾರರು. ಇದು ಸಹಜವೇ. ಸುತ್ತಲಿನ ಎರೆ ಭೂಮಿಯಲ್ಲಿ ಹತ್ತಿ, ಜೋಳ, ಕಡಲೆ. ಕುರುಗೋಡು ಸೀಮೆಯಲ್ಲಿ ಮೆಣಸಿನಕಾಯಿ. ತುಂಗಭದ್ರೆಯ ಕಾಲುವೆ ಹರಿಯುವ ಸಿರುಗುಪ್ಪ ಸೀಮೆಯಲ್ಲಿ ಭತ್ತ. ಆಲೂಗಡ್ಡೆಯಾದರೋ ಹಾಸನ, ಚಿಕ್ಕಬಳ್ಳಾಪುರ, ಕೋಲಾರ, ಬೆಳಗಾವಿ, ಧಾರವಾಡಗಳ ಕಡೆಯ ಬೆಳೆ; ನಮ್ಮ ಸಂತೆಗೆ ಲಾರಿಯಲ್ಲಿ ಬಂದಿಳಿಯುವ ಸರಕು.

ಬ್ರೂಸ್‌ಪೇಟೆಯಂತಹ ಹಳೆಯ ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದ್ದು, ಹಿತ್ತಲೆಂಬುದು ಹೆಸರಿಗೆ ಮಾತ್ರ ಉಳಿದಿದೆ. ಮಣ್ಣು ಕಾಣಬೇಕಾದರೆ ಮಾಳಿಗೆಯ ಮೇಲಿನ ಕುಂಡಗಳಲ್ಲಿಯೇ ಕಾಣಬೇಕು. ಆದುದರಿಂದ ಕುಂಡದಲ್ಲಿಯೂ ಚೀಲದಲ್ಲಿಯೂ ಆಲೂಗಡ್ಡೆಯನ್ನು ಬೆಳೆಯುವ ಉತ್ಸಾಹವು ಈಚಿನ ವರ್ಷಗಳಲ್ಲಿ ಅನೇಕ ಮನೆಗಳಲ್ಲಿ ಕಂಡುಬರುತ್ತಿದೆ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆಯೊಡೆದ ಗೆಡ್ಡೆಯೊಂದನ್ನು ಕುಂಡದಲ್ಲಿ ಹೂಳುವುದು, ಅದು ಸೊಂಪಾಗಿ ಚಿಗುರುವುದು, ಮನೆಮಂದಿಯೆಲ್ಲ ಹಿಗ್ಗುವುದು, ಎರಡು ತಿಂಗಳ ತರುವಾಯ ಅಗೆದು ನೋಡಿದರೆ ಬೇರಿನ ಹೊರತು ಬೇರೇನೂ ಇಲ್ಲದಿರುವುದು – ಹೀಗೆ ಈ ಉತ್ಸಾಹವು ಬಹುಮಟ್ಟಿಗೆ ನಿರಾಶೆಯಲ್ಲಿ ಮುಗಿಯುತ್ತದೆ. ಆಗ ಗೊಬ್ಬರ ಸಾಲದಾಯಿತೆಂದು ಕೆಲವರೂ, ನಮ್ಮ ಕೈಗುಣವೇ ಸರಿಯಿಲ್ಲವೆಂದು ಕೆಲವರೂ ಹೇಳಿಕೊಳ್ಳುವುದುಂಟು. ದೋಷವಿರುವುದು ಗೊಬ್ಬರದಲ್ಲಿಯೂ ಅಲ್ಲ, ಕೈಗುಣದಲ್ಲಿಯೂ ಅಲ್ಲ. ಅದು ಬಹುಪಾಲು ಪಂಚಾಂಗದಲ್ಲಿಯೂ ಮಣ್ಣಿನ ಉಷ್ಣತೆಯಲ್ಲಿಯೂ ಇದೆ. ಬಳ್ಳಾರಿಯಲ್ಲಿ ಕುಂಡದ ಆಲೂಗಡ್ಡೆಯು ಕೈಗೂಡಬೇಕಾದರೆ ಬೆಳೆಗಾರನು ಮೊದಲು ಸಾಧಿಸಬೇಕಾದುದು ತಂಪು ಮತ್ತು ಕತ್ತಲೆ. ಉಳಿದುದೆಲ್ಲ ತರುವಾಯದ ಮಾತು. ಈ ಒಂದು ತತ್ತ್ವವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಗೆಡ್ಡೆಯ ಸ್ವರೂಪ

ಆಲೂಗಡ್ಡೆಯ ತೌರು ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಶ್ರೇಣಿ. ಇಂದಿನ ಪೆರು ಮತ್ತು ಬೊಲಿವಿಯಾ ದೇಶಗಳ ಎತ್ತರದ ಪ್ರಸ್ಥಭೂಮಿಗಳಲ್ಲಿ ಸಹಸ್ರಾರು ವರ್ಷಗಳ ಹಿಂದೆಯೇ ಅಲ್ಲಿನ ಜನರು ಇದನ್ನು ಕೃಷಿಗೆ ಅಳವಡಿಸಿಕೊಂಡರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಯೂರೋಪನ್ನು ಸೇರಿದ ಈ ಗೆಡ್ಡೆಯನ್ನು ನಮ್ಮ ದೇಶಕ್ಕೆ ತಂದವರು ಪೋರ್ಚುಗೀಸರೆಂದು ಹೇಳಲಾಗುತ್ತದೆ. ನಮ್ಮ ನಾಡಿನ ಕರಾವಳಿಯಲ್ಲಿಯೂ ಉತ್ತರದ ಜಿಲ್ಲೆಗಳಲ್ಲಿಯೂ ಕೇಳಿಬರುವ ‘ಬಟಾಟೆ’ ಎಂಬ ಹೆಸರು ಪೋರ್ಚುಗೀಸರ ‘ಬಟಾಟ’ದ ಗುರುತು. ‘ಆಲು’ ಎಂಬ ಶಬ್ದವಾದರೋ ಸಂಸ್ಕೃತದಲ್ಲಿ ಮೊದಲೇ ಇದ್ದು, ಬೇರೆ ಖಾದ್ಯ ಗೆಡ್ಡೆಗಳಿಗೆ ಸಲ್ಲುತ್ತಿತ್ತು. ಹೊಸದಾಗಿ ಬಂದ ಗೆಡ್ಡೆಯು ಆ ಹಳೆಯ ಹೆಸರನ್ನು ತನ್ನದಾಗಿಸಿಕೊಂಡಿತು. ಬದನೆ, ಟೊಮೆಟೊ, ಮೆಣಸಿನಕಾಯಿ, ತಂಬಾಕು ಇವೆಲ್ಲವೂ ಇದರ ಬಂಧುಗಳು. ಈ ಬಂಧುತ್ವವನ್ನು ನೆನಪಿನಲ್ಲಿಡಬೇಕು. ರೋಗಗಳ ವಿಚಾರದಲ್ಲಿ ಮುಂದೆ ಇದರ ಪ್ರಯೋಜನ ಬರುತ್ತದೆ.

ಮಣ್ಣಿನೊಳಗೆ ಇರುವುದರಿಂದ ಆಲೂಗಡ್ಡೆಯನ್ನು ಬೇರೆಂದು ಭಾವಿಸುವವರು ಬಹಳ. ವಾಸ್ತವವಾಗಿ ಅದು ಕಾಂಡ. ಅದರ ಮೈಮೇಲಿನ ‘ಕಣ್ಣು’ಗಳೆಂದರೆ ಕಾಂಡದ ಗಿಣ್ಣುಗಳಲ್ಲಿರುವ ಮೊಗ್ಗುಗಳು. ಗೆಣಸಿಗೂ ಆಲೂಗಡ್ಡೆಗೂ ಇರುವ ಮುಖ್ಯ ವ್ಯತ್ಯಾಸವೇ ಇದು. ಗೆಣಸು ಬೇರು, ಆಲೂಗಡ್ಡೆ ಕಾಂಡ. ಗಿಡದ ಬುಡದಲ್ಲಿ, ಮಣ್ಣಿನೊಳಗಿರುವ ಗಿಣ್ಣುಗಳಿಂದ ಬಿಳಿಯ ಎಳೆಗಳಂತಹ ಅಡ್ಡಕಾಂಡಗಳು ಹೊರಟು ಪಕ್ಕಕ್ಕೆ ಹರಿಯುತ್ತವೆ. ತಕ್ಕ ಕಾಲ ಕೂಡಿಬಂದಾಗ ಇವುಗಳ ತುದಿ ಮುಂದಕ್ಕೆ ಬೆಳೆಯುವುದನ್ನು ನಿಲ್ಲಿಸಿ ಉಬ್ಬತೊಡಗುತ್ತದೆ. ಎಲೆಗಳಲ್ಲಿ ತಯಾರಾದ ಸಕ್ಕರೆಯು ಅಲ್ಲಿಗೆ ಇಳಿದು ಪಿಷ್ಟವಾಗಿ ಸಂಗ್ರಹವಾಗುತ್ತದೆ. ಈ ಉಬ್ಬಿದ ತುದಿಯೇ ನಾವು ತಿನ್ನುವ ಆಲೂಗಡ್ಡೆ.

ಈ ತುದಿಯು ಉಬ್ಬಬೇಕೆಂಬ ಸಂಕೇತವು ಹೊರಡುವುದು ಎಲೆಗಳಿಂದ. ಆ ಸಂಕೇತವನ್ನು ಒಯ್ಯುವ ಪ್ರೋಟೀನನ್ನು ವಿಜ್ಞಾನಿಗಳು 2011ರಲ್ಲಿ ಗುರುತಿಸಿದರು. ರಾತ್ರಿಯು ದೀರ್ಘವಾಗಿಯೂ ತಂಪಾಗಿಯೂ ಇದ್ದಾಗ ಈ ಸಂಕೇತವು ಬಲವಾಗಿರುತ್ತದೆ. ರಾತ್ರಿಯ ಸೆಕೆ ಹೆಚ್ಚಿದಂತೆ ಕ್ಷೀಣಿಸುತ್ತದೆ. ಗೆಡ್ಡೆ ಕಟ್ಟಲು ಮಣ್ಣಿನ ಉಷ್ಣತೆಯು ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರುವುದು ಉತ್ತಮ. 30 ಡಿಗ್ರಿಯ ಹತ್ತಿರ ಬಂದರೆ ಗೆಡ್ಡೆ ಕಟ್ಟುವುದು ಬಹುಮಟ್ಟಿಗೆ ನಿಂತುಹೋಗುತ್ತದೆ. ಆಗಲೂ ಗಿಡವೇನೋ ಸಾಯುವುದಿಲ್ಲ. ಎಲೆ ಬಿಡುತ್ತದೆ, ಕಾಂಡವನ್ನು ನೀಳವಾಗಿ ಚಾಚುತ್ತದೆ, ನೋಡುವವರಿಗೆ ಬಲು ಸೊಗಸಾಗಿ ಕಾಣುತ್ತದೆ. ಆದರೆ ಹಗಲು ಗಳಿಸಿದುದನ್ನು ಬಿಸಿ ರಾತ್ರಿಯ ಉಸಿರಾಟದಲ್ಲಿಯೇ ವ್ಯಯಮಾಡುವುದರಿಂದ ನೆಲದೊಳಗೆ ಕೂಡಿಡಲು ಅದರ ಬಳಿ ಏನೂ ಉಳಿಯುವುದಿಲ್ಲ. ಸೊಂಪಾದ ಗಿಡದ ಬುಡ ಬರಿದಾಗಿರುವ ರಹಸ್ಯವಿದು.

ಕಾಲನಿರ್ಣಯ

ಹಾಸನದ ರೈತರು ಮೇ-ಜೂನ್ ತಿಂಗಳಲ್ಲಿ ಬಿತ್ತುತ್ತಾರೆಂಬುದನ್ನು ಕೇಳಿ ಬಳ್ಳಾರಿಯಲ್ಲಿ ಹಾಗೆಯೇ ಮಾಡುವುದು ಸಲ್ಲದು. ಹಾಸನವು ಸಮುದ್ರಮಟ್ಟಕ್ಕಿಂತ ಸುಮಾರು 950 ಮೀಟರ್ ಎತ್ತರದಲ್ಲಿದ್ದು, ಮುಂಗಾರಿನ ಮೋಡವು ಅಲ್ಲಿನ ನೆಲವನ್ನು ತಂಪಾಗಿಡುತ್ತದೆ. ಬಳ್ಳಾರಿಯಾದರೋ ಅದರ ಅರ್ಧದಷ್ಟು ಎತ್ತರದಲ್ಲಿ, ಬರಿಯ ಬಂಡೆಗುಡ್ಡಗಳ ನಡುವೆ ಇದೆ. ಬೇಸಗೆಯಲ್ಲಿ ಹಗಲಿನ ಉಷ್ಣತೆ 40 ಡಿಗ್ರಿಯನ್ನು ಮುಟ್ಟುವುದು ಇಲ್ಲಿ ವಾಡಿಕೆ. ಹಗಲು ಕಾದ ಗುಡ್ಡವೂ ಮಾಳಿಗೆಯೂ ಸಂಜೆಯ ಮೇಲೆ ತಮ್ಮ ಕಾವನ್ನು ಬಿಡುವುದರಿಂದ ಊರೊಳಗಿನ ರಾತ್ರಿಯು ಬಯಲಿಗಿಂತಲೂ ಬಿಸಿ. ಮಳೆಗಾಲದ ರಾತ್ರಿಗಳು ಕೂಡ ಆಲೂಗಡ್ಡೆಗೆ ಬೇಕಾದಷ್ಟು ತಂಪಾಗಿರುವುದಿಲ್ಲ. ರಾತ್ರಿಯ ಉಷ್ಣತೆಯು ಸಾಮಾನ್ಯವಾಗಿ 20 ಡಿಗ್ರಿಗಿಂತ ಕೆಳಗಿಳಿಯುವುದು ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಮಾತ್ರ. ಅಂದರೆ ನಮಗೆ ದೊರೆಯುವುದು ಸುಮಾರು 90 ದಿನಗಳು. ಇದೇ ಅವಧಿಯಲ್ಲಿ ಹಗಲೂ ಕಿರಿದು. ಡಿಸೆಂಬರ್ ಮೂರನೆಯ ವಾರದಲ್ಲಿ ಬಳ್ಳಾರಿಯ ಹಗಲು ಸುಮಾರು ಹನ್ನೊಂದೂಕಾಲು ಗಂಟೆ. ಗೆಡ್ಡೆ ಕಟ್ಟಲು ಇದೂ ಅನುಕೂಲವೇ.

ಈಗ ಹಿಂದಿನಿಂದ ಲೆಕ್ಕ ಹಾಕೋಣ. ನೆಟ್ಟ ಸುಮಾರು 30ರಿಂದ 45 ದಿನಗಳಲ್ಲಿ ಗೆಡ್ಡೆ ಮೂಡಲಾರಂಭಿಸುತ್ತದೆ. ಅಲ್ಲಿಂದ ಮುಂದಿನ 40-50 ದಿನಗಳು ಅದು ದಪ್ಪವಾಗುವ ಕಾಲ. ಈ ದಪ್ಪವಾಗುವ ಕಾಲವು ಡಿಸೆಂಬರ್ ಮತ್ತು ಜನವರಿಯಲ್ಲಿ ಬರಬೇಕಾದರೆ ನಾಟಿಯು ಅಕ್ಟೋಬರ್ ಕೊನೆಯಿಂದ ನವೆಂಬರ್ ಎರಡನೆಯ ವಾರದೊಳಗೆ ಆಗಬೇಕು. ನೆನಪಿಗಾಗಿ, ದೀಪಾವಳಿಯ ಆಸುಪಾಸಿನಲ್ಲಿ ನಾಟಿ, ಶಿವರಾತ್ರಿಯ ಮೊದಲು ಕಟಾವು ಎಂದಿಟ್ಟುಕೊಳ್ಳಬಹುದು. ದೀಪಾವಳಿಯು ಅಕ್ಟೋಬರ್ ಮಧ್ಯಕ್ಕೆ ಬಂದ ವರ್ಷ ಹತ್ತು ದಿನ ತಡೆಯುವುದು ಕ್ಷೇಮ. ಶಿವರಾತ್ರಿಗೆ ಚಳಿಯು ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆಂಬ ಹಿರಿಯರ ಮಾತು ಆಲೂಗಡ್ಡೆಯ ಪಾಲಿಗೆ ಅಕ್ಷರಶಃ ನಿಜ. ಅಲ್ಲಿಂದಾಚೆಗೆ ಗಿಡವನ್ನು ಕುಂಡದಲ್ಲಿ ಉಳಿಸಿಕೊಂಡರೆ ಲಾಭವಿಲ್ಲ.

ಕುಂಡದ ಆಯ್ಕೆ

ಹೊಲದ ಮಣ್ಣಿಗೆ ಆಳವಿದೆ. ಬಿಸಿಲು ಎಷ್ಟೇ ಇದ್ದರೂ ಒಂದು ಗೇಣು ಕೆಳಗೆ ತಂಪಿರುತ್ತದೆ. ಕುಂಡಕ್ಕೆ ಈ ಅನುಕೂಲವಿಲ್ಲ. ಅದಕ್ಕೆ ನಾಲ್ಕೂ ಕಡೆಯಿಂದ ಗಾಳಿ-ಬಿಸಿಲು, ಕೆಳಗಿನಿಂದ ಕಾದ ಮಾಳಿಗೆ. ಕಪ್ಪು ಬಣ್ಣದ ಪ್ಲಾಸ್ಟಿಕ್ ಕುಂಡದಲ್ಲಿ ಬಿಸಿಲು ಬೀಳುವ ಪಕ್ಕದ ಮಣ್ಣು 40 ಡಿಗ್ರಿಯನ್ನೂ ದಾಟಬಲ್ಲದು. ತಗಡಿನ ಡಬ್ಬಿ ಹಾಗೂ ಡ್ರಮ್ಮುಗಳ ಗತಿಯೂ ಇದೇ. ಆದುದರಿಂದ ಕುಂಡದ ಆಯ್ಕೆಯಲ್ಲಿ ಅಂದಕ್ಕಿಂತ ತಂಪಿಗೆ ಪ್ರಾಧಾನ್ಯ ಸಲ್ಲಬೇಕು.

ಕುಂಬಾರರ ಮಣ್ಣಿನ ಕುಂಡವು ಮೈಯಿಂದ ನೀರನ್ನು ಆವಿಯಾಗಿಸುತ್ತ ಹೂಜಿಯಂತೆ ತಂಪಾಗಿರುತ್ತದೆ. ಅಗಲವೂ ಆಳವೂ ಒಂದೊಂದು ಅಡಿಗೆ ಕಡಿಮೆಯಿಲ್ಲದಿದ್ದರೆ ಅದು ಒಳ್ಳೆಯದೇ. ಗೋಣಿಚೀಲವೂ ಹಾಗೆಯೇ ಉಸಿರಾಡುತ್ತದೆ, ಆದರೆ ಒಂದು ಹಂಗಾಮಿಗೇ ಮುಗಿಯುತ್ತದೆ. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು 25 ಕಿಲೋ ಅಕ್ಕಿಯ ಚೀಲ. ಇದರಲ್ಲಿ ಸುಮಾರು 30 ಲೀಟರ್ ಮಣ್ಣು ಹಿಡಿಯುತ್ತದೆ. ಒಂದು ಗಿಡಕ್ಕೆ ಕನಿಷ್ಠ 10 ಲೀಟರ್ ಮಣ್ಣು ಬೇಕೆಂಬುದು ಸಾಮಾನ್ಯ ಲೆಕ್ಕವಾದರೂ, ನಮ್ಮ ಬಿಸಿಲಿಗೆ ಒಂದು ಚೀಲಕ್ಕೆ ಎರಡೇ ಗಿಡ ಸಾಕು. ಮಣ್ಣು ಹೆಚ್ಚಿದ್ದಷ್ಟೂ ಕಾವು ನಿಧಾನವಾಗಿ ಏರುತ್ತದೆ. ಪ್ಲಾಸ್ಟಿಕ್ ಎಳೆಯ ಚೀಲಗಳು ಬಿಸಿಲಿಗೆ ಪುಡಿಯಾಗುವುದರಿಂದ, ಎಳೆಗಳು ಉದುರಲಾರಂಭಿಸಿದ ಚೀಲವನ್ನು ಮತ್ತೆ ಬಳಸಬಾರದು.

ಚೀಲ ಅಥವಾ ಕುಂಡದ ತಳದಲ್ಲಿ ಬೆರಳು ಗಾತ್ರದ ಆರೇಳು ತೂತುಗಳಿರಬೇಕು. ಹೊರಮೈಗೆ ಸುಣ್ಣ ಬಳಿದರೆ, ಇಲ್ಲವೇ ಬಿಳಿಯ ಹಳೆಯ ಬಟ್ಟೆ ಸುತ್ತಿದರೆ ಕಾವು ಗಮನಾರ್ಹವಾಗಿ ಇಳಿಯುತ್ತದೆ. ನೆಲಕ್ಕೆ ನೇರವಾಗಿ ಇಡದೆ ಇಟ್ಟಿಗೆಗಳ ಮೇಲಿಟ್ಟರೆ ಕೆಳಗೆ ಗಾಳಿಯಾಡುತ್ತದೆ. ಬೆಳಗಿನಿಂದ ಆರು ಗಂಟೆಯ ಬಿಸಿಲು ದೊರೆತು, ಮಧ್ಯಾಹ್ನದ ಮೂರು ಗಂಟೆಯ ತರುವಾಯ ಗೋಡೆಯ ನೆರಳು ಬೀಳುವ ಜಾಗವೇ ಪ್ರಶಸ್ತ. ಚೀಲಗಳನ್ನು ಒಂದಕ್ಕೊಂದು ತಾಗಿಸಿಟ್ಟರೆ ಒಂದರ ನೆರಳು ಇನ್ನೊಂದಕ್ಕೆ ಸಿಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನೀರುಂಡ ಒಂದು ಚೀಲವು ಸುಮಾರು 40 ಕಿಲೋ ತೂಗುತ್ತದೆ; ಇಪ್ಪತ್ತು ಚೀಲಗಳೆಂದರೆ 800 ಕಿಲೋ. ನಮ್ಮ ಹಳೆಯ ಮಣ್ಣಿನ ಮಾಳಿಗೆಗಳು ಈ ಭಾರವನ್ನೂ ಸಹಿಸಲಾರವು, ಸದಾ ತೇವವನ್ನೂ ಸಹಿಸಲಾರವು. ಅಂತಹ ಮನೆಗಳಲ್ಲಿ ಅಂಗಳವೇ ಸರಿ. ಕಾಂಕ್ರೀಟಿನ ಮಾಳಿಗೆಯಲ್ಲಿಯೂ ಕೆಳಗೆ ಗೋಡೆಯಿರುವ ಅಂಚಿನುದ್ದಕ್ಕೆ ಸಾಲಾಗಿಡಬೇಕೇ ಹೊರತು ನಡುವೆ ಗುಂಪುಹಾಕಬಾರದು.

ಮಣ್ಣಿನ ಹದ

ನಮ್ಮ ಎರೆಮಣ್ಣು ಹತ್ತಿಗೆ ತಾಯಿ, ಆದರೆ ಕುಂಡದ ಆಲೂಗಡ್ಡೆಗೆ ಮಲತಾಯಿ. ನೀರು ಬಿದ್ದಾಗ ಅಂಟಾಗಿ ಗಾಳಿಯನ್ನು ತಡೆಯುತ್ತದೆ. ಒಣಗಿದಾಗ ಬಿರಿದು ಗೆಡ್ಡೆಗಳಿಗೆ ಬೆಳಕನ್ನೂ ಹುಳುವನ್ನೂ ಬಿಡುತ್ತದೆ. ಅದೂ ಅಲ್ಲದೆ ಎರೆಮಣ್ಣು ಸಾಮಾನ್ಯವಾಗಿ ಕ್ಷಾರಗುಣದ್ದು. ಆಲೂಗಡ್ಡೆಗೆ ಬೇಕಾದುದು ಸ್ವಲ್ಪ ಹುಳಿಗುಣದ, ಸಡಿಲವಾದ ಮಣ್ಣು. ಆದುದರಿಂದ ಮಸಾರಿ ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ದಪ್ಪ ಮರಳು ಮತ್ತು ಭತ್ತದ ಹೊಟ್ಟು ಸೇರಿ ಒಂದು ಪಾಲು – ಹೀಗೆ ಬೆರೆಸಿಕೊಳ್ಳುವುದು ಉತ್ತಮ. ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿಯನ್ನು ಸೇರಿಸಬಹುದು. ಅಕ್ಕಿ ಗಿರಣಿಗಳ ಸೀಮೆಯಾದ ನಮ್ಮಲ್ಲಿ ಹೊಟ್ಟಿಗೆ ಕೊರತೆಯಿಲ್ಲ. ಆದರೆ ಹೊಟ್ಟು ಬೇಕು, ಹೊಟ್ಟಿನ ಬೂದಿ ಬೇಡ.

ಈ ಕೊನೆಯ ಮಾತಿಗೆ ಸ್ವಲ್ಪ ವಿವರಣೆ ಅಗತ್ಯ. ಗಿಡಕ್ಕೆ ಒಲೆಯ ಬೂದಿ ಹಾಕುವುದು ನಮ್ಮ ಹಿರಿಯರ ರೂಢಿ. ಹುಳಿಗುಣದ ಮಲೆನಾಡಿನ ಮಣ್ಣಿನಲ್ಲಿ ಅದು ಹಿತಕರವೂ ಹೌದು. ಬೂದಿಯಾಗಲಿ ಸುಣ್ಣವಾಗಲಿ ಮೊದಲೇ ಕ್ಷಾರವಿರುವ ನಮ್ಮ ಮಣ್ಣಿಗೆ ಸೇರಿದರೆ ಗೆಡ್ಡೆಯ ಸಿಪ್ಪೆಯ ಮೇಲೆ ಒರಟಾದ ಕಜ್ಜಿ ಏಳುವುದಕ್ಕೆ ಅನುಕೂಲವಾಗುತ್ತದೆ. ಸುಣ್ಣವು ಕುಂಡದ ಹೊರಮೈಗೆ ಮಾತ್ರ ಸಲ್ಲತಕ್ಕದ್ದು. ಹಸಿಯ ಸಗಣಿ ಗೊಬ್ಬರವನ್ನೂ ಹಾಕಬಾರದು. ಅದು ಕಳಿಯುವಾಗ ಕಾವೇಳುತ್ತದೆ. ಯೂರಿಯಾವನ್ನು ಧಾರಾಳವಾಗಿ ಹಾಕಿದರೆ ಎಲೆ ಹೆಚ್ಚಿ ಗೆಡ್ಡೆ ಹಿಂದೆ ಬೀಳುತ್ತದೆ.

ಬಿತ್ತನೆ ಗೆಡ್ಡೆ

1845ರಿಂದ ಕೆಲವು ವರ್ಷಗಳ ಕಾಲ ಐರ್ಲೆಂಡಿನಲ್ಲಿ ಅಂಗಮಾರಿ ರೋಗವು ಆಲೂಗಡ್ಡೆಯ ಬೆಳೆಯನ್ನು ನಾಶಮಾಡಿ, ಹಸಿವಿನಿಂದಲೂ ಅದರ ಬೆನ್ನಿಗೇ ಬಂದ ಕಾಯಿಲೆಗಳಿಂದಲೂ ಸುಮಾರು ಹತ್ತು ಲಕ್ಷ ಜನರು ಅಸುನೀಗಿದರು. ಅಲ್ಲಿನ ಬಡವರು ಒಂದೇ ಬೆಳೆಯನ್ನು, ಅದರಲ್ಲಿಯೂ ಬಹುಪಾಲು ಒಂದೇ ತಳಿಯನ್ನು ನಂಬಿದ್ದರು. ಗೆಡ್ಡೆಯಿಂದ ಗೆಡ್ಡೆಯನ್ನೇ ಬೆಳೆಯುವ ಈ ಸಸ್ಯದಲ್ಲಿ ತಾಯಿಯ ರೋಗವು ಮಕ್ಕಳಿಗೆ ಇಳಿದುಬರುವುದು ಸಹಜ. ನಿರೋಗಿಯಾದ ಬೀಜಕ್ಕೆ ಇಷ್ಟೊಂದು ಮಹತ್ತ್ವ ಬಂದಿರುವುದು ಈ ಕಾರಣದಿಂದಲೇ.

ನಮ್ಮ ದೇಶದಲ್ಲಿ ಈ ಕಾರ್ಯಕ್ಕಾಗಿ 1949ರಲ್ಲಿ ಪಾಟ್ನಾದಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ಆರಂಭವಾಗಿ, 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡಿತು. ಶಿಮ್ಲಾದ ಬಳಿಯ ಕುಫ್ರಿ ಎಂಬ ಗ್ರಾಮದ ಹೆಸರನ್ನೇ ಈ ಸಂಸ್ಥೆಯ ತಳಿಗಳು ಹೊತ್ತಿವೆ. 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯು ನಮ್ಮ ರಾಜ್ಯದ ರೈತರಿಗೆ ಚಿರಪರಿಚಿತ. 2006ರಲ್ಲಿ ಬಿಡುಗಡೆಯಾದ ಕುಫ್ರಿ ಸೂರ್ಯ ಎಂಬ ತಳಿಯು ಹೆಸರಿಗೆ ತಕ್ಕಂತೆ ಶಾಖವನ್ನು ತಾಳಿಕೊಳ್ಳಬಲ್ಲುದು. ದೊರೆತರೆ ಬಳ್ಳಾರಿಗೆ ಇದೇ ಮೇಲು. ಸಿಗದಿದ್ದಲ್ಲಿ ಜ್ಯೋತಿಯೂ ಆದೀತು. ಬೀಜದ ವಿಚಾರದಲ್ಲಿ ತೋಟಗಾರಿಕೆ ಇಲಾಖೆಯವರನ್ನೂ ಹಗರಿಯ ಕೃಷಿ ವಿಜ್ಞಾನ ಕೇಂದ್ರದವರನ್ನೂ ವಿಚಾರಿಸುವುದು ಒಳ್ಳೆಯದು. ತರಕಾರಿ ಅಂಗಡಿಯ ಗೆಡ್ಡೆಯನ್ನು ನೆಡಲೇಬಾರದೆಂದೇನೂ ಇಲ್ಲ. ಆದರೆ ಅದರ ತಳಿ ತಿಳಿಯದು, ಒಳಗಿನ ರೋಗ ಕಾಣದು.

ಹೊಸದಾಗಿ ಕಿತ್ತ ಗೆಡ್ಡೆಯು ಆರರಿಂದ ಹತ್ತು ವಾರ ಮೊಳೆಯುವುದಿಲ್ಲ; ಅದು ಅದರ ನಿದ್ರೆಯ ಕಾಲ. ನಿದ್ರೆ ಮುಗಿದ, ಕೋಳಿಮೊಟ್ಟೆಗಿಂತ ತುಸು ಸಣ್ಣದಾದ, 30ರಿಂದ 50 ಗ್ರಾಂ ತೂಕದ ಗೆಡ್ಡೆಗಳನ್ನು ಆರಿಸಿ, ನೆಡುವುದಕ್ಕೆ ಹದಿನೈದು ದಿನ ಮೊದಲು ಒಂದೇ ಪದರವಾಗಿ ಹರಡಿ, ನೇರ ಬಿಸಿಲು ಬೀಳದ, ಆದರೆ ಬೆಳಕಿರುವ ತಂಪು ಪಡಸಾಲೆಯಲ್ಲಿಡಬೇಕು. ಕತ್ತಲೆಯಲ್ಲಿ ಬಂದ ಮೊಳಕೆ ಬಿಳಿಚಿ, ಉದ್ದವಾಗಿ, ಮುಟ್ಟಿದರೆ ಮುರಿಯುವಂತಿರುತ್ತದೆ. ಬೆಳಕಿನಲ್ಲಿ ಬಂದುದು ಗಿಡ್ಡವಾಗಿ ಗಟ್ಟಿಯಾಗಿರುತ್ತದೆ. ದೊಡ್ಡ ಗೆಡ್ಡೆಯನ್ನು ಹೋಳುಮಾಡಿ ನೆಡುವ ಪದ್ಧತಿ ತಂಪು ಸೀಮೆಗೆ ಸರಿ. ನಮ್ಮ ಅಕ್ಟೋಬರ್ ತಿಂಗಳ ಬಿಸಿಮಣ್ಣಿನಲ್ಲಿ ಹೋಳುಗಳು ಕೊಳೆಯುವ ಸಂಭವ ಹೆಚ್ಚು. ಇಡೀ ಗೆಡ್ಡೆಯನ್ನೇ ನೆಡಬೇಕು.

ನಾಟಿ, ನೀರು, ಮಣ್ಣೇರಿಸುವಿಕೆ

ಚೀಲದ ಬಾಯನ್ನು ಅರ್ಧದವರೆಗೆ ಹೊರಕ್ಕೆ ಮಡಚಿ, 20 ಸೆಂಟಿಮೀಟರ್ ಎತ್ತರಕ್ಕೆ ಮಣ್ಣು ತುಂಬಬೇಕು. ಅದರ ಮೇಲೆ ಮೊಳಕೆ ಮೇಲ್ಮುಖವಾಗಿರುವಂತೆ ಎರಡು ಗೆಡ್ಡೆಗಳನ್ನು ಗೇಣು ಅಂತರದಲ್ಲಿಟ್ಟು, ನಾಲ್ಕು ಬೆರಳು ಮಣ್ಣು ಮುಚ್ಚಬೇಕು. ಗಿಡವು ಗೇಣುದ್ದ ಬಂದಾಗ ಅರ್ಧ ಗೇಣು ಮಣ್ಣನ್ನು ಬುಡಕ್ಕೆ ಏರಿಸಿ, ಮಡಚಿದ ಬಾಯನ್ನು ಮೇಲಕ್ಕೆಳೆಯಬೇಕು. ಹದಿನೈದು ದಿನಗಳ ತರುವಾಯ ಇನ್ನೊಮ್ಮೆ ಹೀಗೆಯೇ ಮಾಡಬೇಕು.

ಮಣ್ಣೇರಿಸುವ ಕುರಿತು ಒಂದು ತಪ್ಪು ಕಲ್ಪನೆ ಪ್ರಚಾರದಲ್ಲಿದೆ. ಮಣ್ಣನ್ನು ಎತ್ತರಕ್ಕೆ ಏರಿಸುತ್ತ ಹೋದಂತೆ ಪ್ರತಿಯೊಂದು ಅಂತಸ್ತಿನಲ್ಲಿಯೂ ಗೆಡ್ಡೆಗಳು ಕಟ್ಟಿ, ಒಂದೇ ಪೀಪಾಯಿಯಲ್ಲಿ ಮೂಟೆಗಟ್ಟಲೆ ಫಸಲು ಬರುತ್ತದೆಂದು ಕೆಲವರು ನಂಬುತ್ತಾರೆ. ನಮಗೆ ದೊರೆಯುವ ಅಲ್ಪಾವಧಿಯ ತಳಿಗಳಲ್ಲಿ ಹೀಗಾಗುವುದಿಲ್ಲ. ಅಡ್ಡಕಾಂಡಗಳು ಬುಡದ ಕೆಲವೇ ಗಿಣ್ಣುಗಳಿಂದ, ಹೆಚ್ಚುಕಡಿಮೆ ಒಂದೇ ಪದರದಲ್ಲಿ ಹೊರಡುತ್ತವೆ. ಹಾಗಾದರೆ ಮಣ್ಣೇರಿಸುವುದೇಕೆ? ಬೆಳೆಯುತ್ತಿರುವ ಗೆಡ್ಡೆಗೆ ಬಿಸಿಲು ತಾಗಬಾರದು, ಬೆಳಕು ಬೀಳಬಾರದು, ಗೆಡ್ಡೆ ಕೊರೆಯುವ ಪತಂಗವು ಮೊಟ್ಟೆಯಿಡಲು ಬಿರುಕು ಸಿಗಬಾರದು ಎಂಬುದಕ್ಕಾಗಿ. ಲೇಖನದ ಮೊದಲಿಗೆ ಹೇಳಿದ ತಂಪು ಮತ್ತು ಕತ್ತಲೆಯ ಸೂತ್ರಕ್ಕೆ ಇದು ಇನ್ನೊಂದು ನಿದರ್ಶನ. ಮೇಲೆ ಮೂರು ಬೆರಳು ದಪ್ಪಕ್ಕೆ ಭತ್ತದ ಹುಲ್ಲನ್ನು ಹೊದಿಸಿದರೆ ಈ ಮೂರೂ ಉದ್ದೇಶಗಳು ಇನ್ನಷ್ಟು ಚೆನ್ನಾಗಿ ನೆರವೇರುತ್ತವೆ. ಸಿರುಗುಪ್ಪದ ಗದ್ದೆಗಳಲ್ಲಿ ಕೊಯ್ಲಿನ ತರುವಾಯ ಸುಟ್ಟುಹೋಗುವ ಹುಲ್ಲಿಗೆ ಇದಕ್ಕಿಂತ ಸದುಪಯೋಗ ಇನ್ನೇನಿದೆ?

ನೀರಿನ ವಿಚಾರದಲ್ಲಿ ನಿಯಮಕ್ಕಿಂತ ಬೆರಳು ಲೇಸು. ಹುಲ್ಲು ಸರಿಸಿ ಬೆರಳನ್ನು ಎರಡು ಗಿಣ್ಣಿನಷ್ಟು ಮಣ್ಣಿಗೆ ಇಳಿಸಿದಾಗ ತೇವ ತಾಗಿದರೆ ನೀರು ಬೇಡ, ಒಣಗಿದ್ದರೆ ಬೇಕು. ಮೊಳಕೆ ಮೇಲೇಳುವವರೆಗೆ ನೀರು ಮಿತವಾಗಿರಲಿ, ಹೆಚ್ಚಾದರೆ ಬೀಜ ಕೊಳೆಯುತ್ತದೆ. ಗೆಡ್ಡೆ ಮೂಡುವ ಕಾಲದಿಂದ ಮುಂದಕ್ಕೆ ಮಣ್ಣು ಒಂದೇ ಸಮನಾಗಿ ತೇವವಾಗಿರಬೇಕು. ನಾಲ್ಕು ದಿನ ಒಣಗಿಸಿ ಐದನೆಯ ದಿನ ತೋಯಿಸಿದರೆ ಗೆಡ್ಡೆ ಬಿರಿಯುತ್ತದೆ, ಸೊಟ್ಟಗಾಗುತ್ತದೆ. ಮಧ್ಯಾಹ್ನ ಕೊಳಾಯಿಯಲ್ಲಿ ಕಾದು ಬಂದ ನೀರನ್ನು ಹಾಕದೆ, ಮುಂಜಾನೆ ಕೊಡದ ತಣ್ಣೀರನ್ನು ಹಾಕಬೇಕು. ಉಪ್ಪು ಹೆಚ್ಚಿರುವ ಕೊಳವೆಬಾವಿಯ ನೀರು ಆಲೂಗಡ್ಡೆಗೆ ಒಗ್ಗುವುದಿಲ್ಲ. ಬೇರೆ ಗತಿಯಿಲ್ಲದಿದ್ದಲ್ಲಿ, ತಿಂಗಳಿಗೆ ಒಂದೆರಡು ಬಾರಿ ಸಿಹಿನೀರನ್ನು ತಳದಿಂದ ಹರಿದುಹೋಗುವಷ್ಟು ಹಾಕಿ ಉಪ್ಪನ್ನು ತೊಳೆಯಬೇಕು.

ರೋಗ-ಕೀಟಗಳು

ಒಣಹವೆಯ ಬಳ್ಳಾರಿಗೆ ಒಂದು ಭಾಗ್ಯವಿದೆ. ಐರ್ಲೆಂಡನ್ನು ಕಾಡಿದ, ಹಾಸನದ ರೈತರನ್ನು ಇಂದಿಗೂ ಕಾಡುವ ಅಂಗಮಾರಿಯು ತಂಪಿನೊಂದಿಗೆ ತೇವವನ್ನೂ ಬೇಡುತ್ತದೆ. ನಮ್ಮ ಒಣ ಚಳಿಗಾಲದಲ್ಲಿ ಅದರ ಆಟ ಕಡಿಮೆ. ಆದರೂ ಎಲೆಯ ಮೇಲೆ ನೀರು ಚಿಮುಕಿಸದೆ ಬುಡಕ್ಕೇ ಹಾಕುವುದು ಒಳ್ಳೆಯದು. ಹೇನುಗಳು ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದರಿಂದ ಎಲೆಯ ಅಡಿಯನ್ನು ವಾರಕ್ಕೆರಡು ಬಾರಿ ನೋಡಬೇಕು; ಕಂಡರೆ ಬೇವಿನೆಣ್ಣೆಯನ್ನು ಸ್ವಲ್ಪ ಸೋಪಿನೊಡನೆ ನೀರಿನಲ್ಲಿ ಕದಡಿ ಸಂಜೆ ಸಿಂಪಡಿಸಬೇಕು.

ಮಣ್ಣಿನಿಂದ ಬರುವ ಸೊರಗು ರೋಗಕ್ಕೆ ಮಾತ್ರ ಮದ್ದಿಲ್ಲ. ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ. ಬದನೆ, ಟೊಮೆಟೊ, ಮೆಣಸಿನಕಾಯಿಗಳು ಆಲೂಗಡ್ಡೆಯ ಬಂಧುಗಳೆಂದು ಮೊದಲೇ ಹೇಳಿದೆಯಷ್ಟೆ. ಒಂದರ ರೋಗ ಇನ್ನೊಂದಕ್ಕೆ ಅಂಟುತ್ತದೆ. ಆದಕಾರಣ ಮೆಣಸಿನಕಾಯಿ ಬೆಳೆದ ಹೊಲದ ಮಣ್ಣನ್ನಾಗಲಿ ಟೊಮೆಟೊ ಬೆಳೆದ ಕುಂಡದ ಮಣ್ಣನ್ನಾಗಲಿ ಇದಕ್ಕೆ ಬಳಸಬಾರದು. ಆಲೂಗಡ್ಡೆ ಕಿತ್ತ ಚೀಲದಲ್ಲಿ ಮುಂದೆ ಮೆಂತ್ಯ, ರಾಜಗಿರಿ ಮುಂತಾದ ಸೊಪ್ಪನ್ನೋ ಅಲಸಂದೆಯನ್ನೋ ಬೆಳೆದು, ಎರಡು-ಮೂರು ವರ್ಷಗಳ ತರುವಾಯ ಮತ್ತೆ ಆಲೂಗಡ್ಡೆಗೆ ಮರಳಬೇಕು.

ಕಟಾವು ಮತ್ತು ಇಳುವರಿಯ ಲೆಕ್ಕ

ನೆಟ್ಟ 80-90 ದಿನಗಳಲ್ಲಿ ಎಲೆ ಹಳದಿಯಾಗಿ ಕಾಂಡ ಬಾಗುತ್ತದೆ. ಆಗ ನೀರನ್ನು ನಿಲ್ಲಿಸಿ, ಗಿಡವನ್ನು ಬುಡದಲ್ಲಿ ಕೊಯ್ದು, ಗೆಡ್ಡೆಗಳನ್ನು ಎಂಟು-ಹತ್ತು ದಿನ ಮಣ್ಣಿನಲ್ಲಿಯೇ ಬಿಡಬೇಕು, ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಉಜ್ಜಿದಾಗ ಸಿಪ್ಪೆ ಸುಲಿಯದಿದ್ದರೆ ಕೀಳಲು ಹದವಾಯಿತೆಂದು ತಿಳಿಯಬೇಕು. ಚೀಲವನ್ನು ನೆರಳಿನಲ್ಲಿ ಬೋರಲು ಹಾಕಿದರೆ ಆಯಿತು. ಕಿತ್ತ ಗೆಡ್ಡೆಗಳನ್ನು ತೊಳೆಯದೆ, ಗಾಳಿಯಾಡುವ ಕತ್ತಲ ಕೋಣೆಯಲ್ಲಿ ವಾರವಿಡೀ ಆರಲು ಬಿಡಬೇಕು.

ಫಸಲು ಎಷ್ಟು ಬಂದೀತು? ಹೊಲದಲ್ಲಿ 60 ಸೆಂಟಿಮೀಟರ್ ಸಾಲಿನಲ್ಲಿ 20 ಸೆಂಟಿಮೀಟರಿಗೊಂದರಂತೆ ನೆಟ್ಟರೆ ಹೆಕ್ಟೇರಿಗೆ ಸುಮಾರು 83,000 ಗಿಡಗಳು. ಹೆಕ್ಟೇರಿಗೆ 25 ಟನ್ ಎಂಬುದು ಒಳ್ಳೆಯ ಇಳುವರಿ. ಅಂದರೆ ಗಿಡಕ್ಕೆ 300 ಗ್ರಾಂ. ಪಳಗಿದ ರೈತನ ಹೊಲದಲ್ಲಿಯೇ ಇಷ್ಟಿರುವಾಗ, ಕುಂಡದಲ್ಲಿ ಗಿಡಕ್ಕೆ 300ರಿಂದ 400 ಗ್ರಾಂ ಬಂದರೆ ಅದನ್ನು ಉತ್ತಮ ಫಸಲೆಂದೇ ಭಾವಿಸಬೇಕು. ಇಪ್ಪತ್ತು ಚೀಲಗಳ ನಲವತ್ತು ಗಿಡಗಳಿಗೆ ಸುಮಾರು 1.6 ಕಿಲೋ ಬೀಜ ಹಿಡಿದು, 12ರಿಂದ 16 ಕಿಲೋ ಗೆಡ್ಡೆ ಕೈಗೆ ಬರುತ್ತದೆ. ಸಂತೆಯ ಬೆಲೆಯಲ್ಲಿ ತೂಗಿದರೆ ಇದು ದೊಡ್ಡ ಲಾಭವೇನಲ್ಲ. ಲಾಭದ ಆಸೆ ಹುಟ್ಟಿಸಿ ಈ ಕೆಲಸಕ್ಕೆ ಯಾರನ್ನೂ ಕರೆಯಬಾರದು.

ಹಸಿರು ಗೆಡ್ಡೆಯ ಅಪಾಯ

ಬೆಳಕು ತಾಗಿದ ಆಲೂಗಡ್ಡೆ ಹಸಿರಾಗುತ್ತದೆ. ಆ ಹಸಿರು ಬಣ್ಣವು ನಿರಪಾಯಕಾರಿಯೇ. ಆದರೆ ಅದರ ಜೊತೆಜೊತೆಗೆ ಸೊಲನಿನ್ ಮೊದಲಾದ ವಿಷವಸ್ತುಗಳೂ ಹೆಚ್ಚುತ್ತವೆ. ಬೇಯಿಸಿದರೂ ಹುರಿದರೂ ಇವು ಪೂರ್ತಿ ನಾಶವಾಗುವುದಿಲ್ಲ. 1969ರಲ್ಲಿ ಲಂಡನ್ನಿನ ಒಂದು ಶಾಲೆಯಲ್ಲಿ, ಹಿಂದಿನ ಅವಧಿಯಿಂದ ಉಳಿದುಹೋಗಿದ್ದ ಆಲೂಗಡ್ಡೆಯನ್ನು ಮಧ್ಯಾಹ್ನದ ಊಟಕ್ಕೆ ಬಳಸಿದುದರಿಂದ 78 ಬಾಲಕರು ವಾಂತಿಭೇದಿಗೆ ತುತ್ತಾಗಿ, ಅವರಲ್ಲಿ 17 ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಎಲ್ಲರೂ ಚೇತರಿಸಿಕೊಂಡರೆಂಬುದು ಸಮಾಧಾನದ ಸಂಗತಿ. ನೂರಾರು ಮಕ್ಕಳಿಗೆ ಒಟ್ಟಿಗೆ ಅಡುಗೆ ಮಾಡುವ ವಿದ್ಯಾರ್ಥಿನಿಲಯಗಳೂ ಶಾಲೆಗಳೂ ಈ ಘಟನೆಯನ್ನು ಮರೆಯಬಾರದು. ಗೆಡ್ಡೆಯನ್ನು ಕತ್ತಲಲ್ಲಿಡುವುದು, ಹಸಿರಾದುದನ್ನೂ ಬಹಳವಾಗಿ ಮೊಳೆತುದನ್ನೂ ಕಹಿಯೆನಿಸಿದುದನ್ನೂ ಎಸೆಯುವುದು – ಇವು ಅಡುಗೆಮನೆಯ ಕಟ್ಟುನಿಟ್ಟಿನ ನಿಯಮಗಳಾಗಬೇಕು. ಗಿಡದ ಎಲೆ, ಹೂವು, ಟೊಮೆಟೊದಂತೆ ಕಾಣುವ ಹಸಿರು ಕಾಯಿ ಇವೆಲ್ಲವೂ ವಿಷಯುಕ್ತವೆಂಬುದನ್ನು ಚಿಕ್ಕ ಮಕ್ಕಳಿಗೆ ಮೊದಲ ದಿನವೇ ತಿಳಿಸಿರಬೇಕು.

ಶಾಲೆಯಲ್ಲಿ ಪ್ರಯೋಗ

ಶಾಲೆಯೊಂದರ ದೃಷ್ಟಿಯಿಂದ ಈ ಬೆಳೆಯ ನಿಜವಾದ ಬೆಲೆ ಇರುವುದು ತೂಕದಲ್ಲಿ ಅಲ್ಲ, ಪಾಠದಲ್ಲಿ. ಉಪಾಧ್ಯಾಯರು ಎಂಟು ಚೀಲಗಳಿಂದ ಆರಂಭಿಸಬಹುದು. ಎರಡು ಚೀಲಗಳನ್ನು ಮೇಲೆ ವಿವರಿಸಿದಂತೆ ನವೆಂಬರ್ ಮೊದಲ ವಾರದಲ್ಲಿ ನೆಟ್ಟು, ಸುಣ್ಣ ಬಳಿದು, ಹುಲ್ಲು ಹೊದಿಸಬೇಕು. ಎರಡನ್ನು ಅದೇ ದಿನ ನೆಟ್ಟು, ಹೊರಮೈಗೆ ಕಪ್ಪು ಬಳಿದು, ಹೊದಿಕೆಯಿಲ್ಲದೆ ಬಿಡಬೇಕು. ಎರಡರಲ್ಲಿ ಬರಿಯ ಎರೆಮಣ್ಣು ತುಂಬಬೇಕು. ಉಳಿದೆರಡನ್ನು ಎಲ್ಲ ಬಗೆಯಲ್ಲಿಯೂ ಮೊದಲಿನವುಗಳಂತೆಯೇ ಸಿದ್ಧಪಡಿಸಿ, ಫೆಬ್ರವರಿಯಲ್ಲಿ ನೆಡಬೇಕು. ಬೀಜ, ನೀರಿನ ಕ್ರಮ, ಆರೈಕೆ ಎಲ್ಲಕ್ಕೂ ಒಂದೇ ಇರಲಿ. ಒಂದು ಉಷ್ಣಮಾಪಕವನ್ನು ನಾಲ್ಕು ಬೆರಳು ಆಳಕ್ಕೆ ಇಳಿಸಿ, ದಿನವೂ ಬೆಳಿಗ್ಗೆ ಮತ್ತು ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳು ಸರದಿಯಂತೆ ಅಂಕಿಗಳನ್ನು ಬರೆಯಲಿ. ಗಣಿತದ ಪಾಠದಲ್ಲಿ ಸರಾಸರಿಯನ್ನೂ ನಕ್ಷೆಯನ್ನೂ, ಭೂಗೋಳದಲ್ಲಿ ಹಾಸನ-ಬಳ್ಳಾರಿಗಳ ಹವೆಯ ವ್ಯತ್ಯಾಸವನ್ನೂ, ಇತಿಹಾಸದಲ್ಲಿ ಐರ್ಲೆಂಡಿನ ಕ್ಷಾಮವನ್ನೂ ಇದೇ ಚೀಲಗಳ ನೆವದಿಂದ ಕಲಿಸಬಹುದು.

ಕೊನೆಗೆ ಎಲ್ಲ ಚೀಲಗಳನ್ನೂ ಮಕ್ಕಳೆದುರಿಗೇ ಬಿಚ್ಚಬೇಕು. ಗೆಡ್ಡೆಯಿಲ್ಲದ ಚೀಲವನ್ನು ಮುಚ್ಚಿಡುವುದು ಬೇಡ. ಸೊಂಪಾಗಿ ಬೆಳೆದ ಗಿಡದ ಬುಡ ಬರಿದಾಗಿರುವುದನ್ನು ಕಂಡ ಬಾಲಕನು, ಅದರ ಪಕ್ಕದಲ್ಲಿ ಮೂರು ತಿಂಗಳು ತಾನೇ ಬರೆದಿಟ್ಟ ಅಂಕಿಗಳನ್ನು ಓದಿದಾಗ, ಕೈಗುಣದ ಮಾತನ್ನು ಬಿಟ್ಟು ಕಾರಣವನ್ನು ಹುಡುಕುವ ಅಭ್ಯಾಸವನ್ನು ಕಲಿಯುತ್ತಾನೆ. ಹೊಲದಲ್ಲಿ ಬೆಳೆ ಕೈಕೊಟ್ಟ ರೈತನ ಮಗನಿಗೆ ಈ ಅಭ್ಯಾಸವು ಮುಂದೆ ಎಷ್ಟು ಉಪಕಾರವಾದೀತೆಂದು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಬೇಕಾದ ಸಾಮಗ್ರಿಯಾದರೂ ಏನು? ಖಾಲಿ ಚೀಲಗಳು, ನಾಲ್ಕು ಬುಟ್ಟಿ ಮಸಾರಿ ಮಣ್ಣು, ಒಂದು ಹೊರೆ ಹುಲ್ಲು, ಒಂದು ಉಷ್ಣಮಾಪಕ, ಒಳ್ಳೆಯ ಬೀಜ. ಹಳ್ಳಿಯಲ್ಲಿ ಹೊಲವಿರುವ ಹಳೆಯ ವಿದ್ಯಾರ್ಥಿಗಳು ಮಣ್ಣನ್ನೂ ಹುಲ್ಲನ್ನೂ, ಅಕ್ಕಿಯ ವ್ಯಾಪಾರದಲ್ಲಿರುವವರು ಚೀಲ ಮತ್ತು ಹೊಟ್ಟನ್ನೂ ಕಳುಹಿಸಿದರೆ, ದಾನಿ ಮಹಾಶಯರಿಗೆ ಉಳಿಯುವುದು ಬೀಜ ಮತ್ತು ಉಷ್ಣಮಾಪಕದ ಖರ್ಚು ಮಾತ್ರ. ಅಕ್ಟೋಬರ್ ತಿಂಗಳೊಳಗೆ ಇವಿಷ್ಟೂ ಶಾಲೆಯ ಅಂಗಳವನ್ನು ಸೇರಿದರೆ ಕಾಲ ಮಿಂಚಿದಂತಾಗುವುದಿಲ್ಲ. ಸುಗ್ಗಿಯ ದಿನ ಎಂಟು ಚೀಲಗಳಿಂದ ಬರುವ ಗೆಡ್ಡೆ ಒಂದು ಹೊತ್ತಿನ ಪಲ್ಯಕ್ಕೆ ಸಾಲದೆ ಹೋಗಬಹುದು. ಮಕ್ಕಳ ದಿನಚರಿಯ ಪುಸ್ತಕವಂತೂ ಮುಂದಿನ ವರ್ಷದ ತರಗತಿಗೆ ಬೀಜವಾಗಿ ಉಳಿಯುತ್ತದೆ.